ಎಡೆಗೆ ಬಾರದ ರಂಜಕ

ನನ್ನ ಗಂಡ ಹೊಟ್ಟೆಯ ಕ್ಯಾನ್ಸರಿನಿಂದ ಸತ್ತ. ಮೂರನೇ ದಿನವೇ ಅವನ ತಂಗಿ, ಅಂದರೆ ನನ್ನ ನಾದಿನಿ, ಬಂದವರ ಮುಂದೆಲ್ಲ ಹೇಳಿದಳು: "ಇಕಿ ರಂಜಕ ತಿನಿಸಿ ತಿನಿಸಿ ನಮ್ಮಣ್ಣನ ಹೊಟ್ಟಿ ಸುಟ್ಟಾಳ." ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿದ ಆ ರಂಜಕ ಇಲ್ಲದೆ ಅವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಸತ್ತವರಿಗೆ ಬದುಕಿದ್ದಾಗ ಸೇರುತ್ತಿದ್ದುದನ್ನೇ ಹಿರಿಯರ ಹಬ್ಬದಲ್ಲಿ ಎಡೆ ಇಡಬೇಕು. ಅವನ ಎಡೆಗೆ ಮಾತ್ರ ರಂಜಕ ಇಡಲು ಆಕೆ ಯಾವ ವರ್ಷವೂ ಬಿಡಲಿಲ್ಲ. ಕೊಟ್ಟೂರಿನ ಬೀಗರೆಲ್ಲ ಆಕೆಯ ಮಾತನ್ನೇ ನಂಬಿದರು. ನಾನು ಹಲ್ಲು ಕಚ್ಚಿ ಕಾದೆ.

ಆಕೆ ಯಾರಿಗೂ ಹೇಳದ ಸಂಗತಿ ಒಂದಿತ್ತು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಎಂದು ಅವನು ಎದ್ದುಬಿಡುತ್ತಿದ್ದಾಗ ನಾನು ದವಾಖಾನೆಗೆ ಹೋಗೋಣ ಎಂದೆ. ಆಕೆ, "ಬಟ್ಟಿ ಸರದೈತಿ, ದವಾಖಾನಿ ಯಾಕ?" ಎಂದಳು. ಹೊಕ್ಕುಳ ಜಾಗ ಬಿಟ್ಟು ಸರಿದಿದೆ ಎನ್ನುವುದು ಆಕೆಯ ಲೆಕ್ಕ. ಸುಗ್ಗಿಯಿಂದ ಮಳೆಗಾಲದವರೆಗೆ ಹಿರೇಹಡಗಲಿಗೆ ಕರೆದೊಯ್ದು ಬಟ್ಟಿ ತಿಕ್ಕಿಸಿದಳು. ಮೇಲೆ ಎಣ್ಣೆ ತಿಕ್ಕುತ್ತಿದ್ದರೆ ಒಳಗೆ ಗಂಟು ಬೆಳೆಯುತ್ತಿತ್ತು.

ಮಗಳ ಮಗಳು ದಾವಣಗೆರೆಯಲ್ಲಿ ಓದುತ್ತಾಳೆ. ಹೊಟ್ಟೆಯ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ ಎನ್ನುವುದೇ ಅವಳ ಓದು. ಹೋದ ಹಬ್ಬಕ್ಕೆ ಬಂದಿದ್ದಳು. ಎಲ್ಲರೂ ನೋಡುತ್ತಿರುವಾಗಲೇ ಎಡೆಯಲ್ಲಿ ರಂಜಕ ಇಟ್ಟೆ.

"ಸಾಯಿಸಿದ್ದನ್ನ ಮತ್ತ ತಿನಿಸ್ತಿಯೇನು ಅತ್ತಿಗಿ?" ಎಂದಳು ನಾದಿನಿ.

ನಾನು ಮೊಮ್ಮಗಳಿಗೆ, "ಹೇಳವ್ವಾ, ನಿಮ್ಮಜ್ಜನ್ನ ಕೊಂದಿದ್ದು ಏನು?" ಎಂದೆ.

"ಅಜ್ಜಿ, ನಮ್ಮ ಜೀವಕೋಶದಾಗ ಮೈಕ್ರೋ ಆರ್‌ಎನ್‌ಎ ಅಂತ ಸಣ್ಣ ಸಣ್ಣ ತುಣುಕು ಇರ್ತಾವ. ಬೆಳಿ ಅಂತ ಹುಕುಂ ಬಂದ್ರ, ಸಾಕು ಅಂತ ಕೆಲವು ಅದರ ಬಾಯಿ ಮುಚ್ಚಿಸ್ತಾವ. ಈ ರೋಗದಾಗ ಅಂಥವು ಕಡಿಮಿ ಆಗ್ತಾವ. ಬ್ಯಾರೆ ಕೆಲವು ಅತಿಯಾಗಿ, ನಿಲ್ಲು ಅನ್ನೋರ ಬಾಯಿನ ಮುಚ್ಚಿಸ್ತಾವ. ಗಂಟು ಬೆಳೀತೈತಿ."

"ರಂಜಕ?"

"ಅದರಿಂದನ ಬಂತು ಅಂತ ಹೇಳಾಕ ಬರಂಗಿಲ್ಲ. ಅಲ್ಲ ಅಂತನೂ ಆಣಿ ಮಾಡಂಗಿಲ್ಲ. ಅಜ್ಜ ತಂಬಾಕನೂ ತಿಂತಿದ್ದ. ತಿಕ್ಕಿದ್ರ ಮಾತ್ರ ಹೋಗಂಗಿಲ್ಲ. ಲಗೂನ ತೋರಿಸಿದ್ರ ಏನರ ಮಾಡಬಹುದಿತ್ತು."

ಹುಡುಗಿ ಅರ್ಧ ನ್ಯಾಯ ಕೊಟ್ಟಳು. ನನಗೆ ಅರ್ಧವೇ ಸಾಕಾಯಿತು. ನಾದಿನಿಯ ಕಡೆ ತಿರುಗಿ, "ಕೇಳಿದ್ಯೇನ್ಲೇ? ನಿಲ್ಲು ಅನ್ನೋರ ಬಾಯಿ ಮುಚ್ಚಿಸೋದು ನಮ್ಮ ಮನ್ಯಾಗೂ ಒಂದು ಇತ್ತು. ದವಾಖಾನಿ ಬಿಡಿಸಿ, ಬಟ್ಟಿ ತಿಕ್ಕಸಾಕ ಹಿರೇಹಡಗಲಿ ಬಸ್ಸು ಹತ್ತಿಸ್ತಿತ್ತು" ಎಂದೆ. ಬೀಗರು ಆಕೆಯ ಕಡೆ ತಿರುಗಿದರು. ಅಷ್ಟು ವರ್ಷ ನನ್ನನ್ನು ನೋಡಿದಂತೆ ಆಕೆಯನ್ನು ನೋಡಿದರು. ಆಕೆ ಉಣ್ಣದೆ ಎದ್ದು ಹೋದಳು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹೋದ ತಿಂಗಳು ಆಕೆಗೇ ಹೊಟ್ಟೆ ಉರಿ ಹತ್ತಿತು. "ಬಟ್ಟಿ ಇರಬೇಕು ಅತ್ತಿಗಿ" ಎಂದಳು. ತಿಕ್ಕಿಸ್ಕೋ ಹೋಗು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಕೆ ಸತ್ತರೆ ನಾನು ಯಾರ ಎದುರಿಗೆ ಎಡೆ ಇಡಲಿ? ರಟ್ಟೆ ಹಿಡಿದು ದಾವಣಗೆರೆಗೆ ಎಳೆದೊಯ್ದೆ. ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡಿದರು. ಬರೀ ಹುಣ್ಣು, ಔಷಧಿಗೆ ಮಾಯುತ್ತದೆ, ಅಲ್ಲಿಯವರೆಗೆ ಖಾರ ಮುಟ್ಟಬೇಡಿ ಎಂದರು.

ಮಾಯಲಿ. ಈ ಸಲದ ಹಬ್ಬದಲ್ಲಿ ಅಣ್ಣನ ಎಡೆಯ ರಂಜಕ ಆಕೆಯ ಎಲೆಗೆ ಬೀಳಬೇಕು. ಬಡಿಸುವವಳು ನಾನೇ.