ಬೆಟ್ಟಕ್ಕೆ ಹೋಗಿ ಬರಿಗೈಲಿ ಬಂದವರು

ನಡೆದರೆ ದುಡ್ಡು ಕೊಡುತ್ತಾರೆ ಎಂಬ ಮಾತನ್ನು ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಗೋಕುಲಂನಲ್ಲಿ ನನ್ನ ಚಿಕ್ಕಮ್ಮನ ಮನೆಯ ಮಹಡಿಯಲ್ಲಿ, ಯೋಗ ಕಲಿಯಲು ಬಂದ ಹೊರದೇಶದ ಹೆಂಗಸೊಬ್ಬಳು ಬಾಡಿಗೆಗಿದ್ದಳು. ಅವಳ ಊರಲ್ಲಿ ಗೆಳೆಯರು ಸೇರಿ ದಿನಗಟ್ಟಲೆ ಬೆಟ್ಟ ಹತ್ತುತ್ತಾರಂತೆ. ಹತ್ತಿ ಬಂದರೆ ನೆರೆಹೊರೆಯವರು ಯಾವುದೋ ಆಸ್ಪತ್ರೆಗೋ ಅನಾಥಾಶ್ರಮಕ್ಕೋ ದುಡ್ಡು ಕೊಡುತ್ತಾರಂತೆ. ಮಾಡಲು ಬೇರೆ ಕೆಲಸವಿಲ್ಲ ಅಂತ ಚಿಕ್ಕಮ್ಮ ಮೂಗು ಮುರಿದಳು. ನಾನು ನಗುತ್ತಲೇ ಕುಂಬಾರಕೊಪ್ಪಲಿಗೆ ಹೊರಟೆ. ಮನೆ ಮುಟ್ಟುವಷ್ಟರಲ್ಲಿ ನಗು ನಿಂತು ಯೋಚನೆ ಹತ್ತಿಕೊಂಡಿತ್ತು.

ಯೋಚನೆಗೆ ಕಾರಣವಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಮೂವರು ಗೆಳತಿಯರು ಒಂದೇ ಬೀದಿಯವರು, ಹೆಬ್ಬಾಳದ ಒಂದೇ ಕಾರ್ಖಾನೆಯಲ್ಲಿ ತಂತಿ ಸುತ್ತುವ ಕೆಲಸ. ಒಬ್ಬಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದೆವು. ನಲವತ್ತು ದಾಟಿದವಳು, ಹಣೆಗೆ ವಿಭೂತಿ ಇಡದೆ ತೊಟ್ಟು ನೀರು ಕುಡಿಯದವಳು. ಇನ್ನೊಬ್ಬಳು ನಮಗಿಂತ ಚಿಕ್ಕವಳು. ಅವಳ ಗಂಡ ಬಿಟ್ಟುಹೋಗಿದ್ದ. ಒಂದೂವರೆ ವರ್ಷದ ಹೆಣ್ಣು ಕೂಸನ್ನು ನರ್ಸಮ್ಮನ ಹತ್ತಿರ ಬಿಟ್ಟು ಕೆಲಸಕ್ಕೆ ಬರುತ್ತಿದ್ದಳು. ನರ್ಸಮ್ಮ ರಿಟೈರಾದ ಮೇಲೆ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದು, ಶಿಫ್ಟಿಗೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಕೊಟ್ಟರೆ ತೆಗೆದುಕೊಳ್ಳುವರು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಆ ಮನೆ ಮಾರಾಟವಾಯಿತು. ಹಿಂದಿನ ಬೀದಿಯಲ್ಲಿ ಬೇರೊಂದು ಮನೆ ಖಾಲಿ ಇತ್ತು, ಆದರೆ ಅಡ್ವಾನ್ಸ್ ಕೇಳಿದರು. ನರ್ಸಮ್ಮನ ಹತ್ತಿರ ಎಲ್ಲಿಂದ ಬರಬೇಕು? ಮಕ್ಕಳ ಮನೆ ಮುಚ್ಚಿದರೆ ಚಿಕ್ಕವಳು ಕೆಲಸ ಬಿಟ್ಟು ಅಣ್ಣನ ಮನೆ ಸೇರಬೇಕಿತ್ತು. ಆ ಪುಣ್ಯಾತ್ಮ ಅವಳಿಗೆ ಆಗಲೇ ಇನ್ನೊಂದು ಗಂಡು ನೋಡಿಟ್ಟಿದ್ದ. ಗಂಡಿನ ಷರತ್ತು ಒಂದೇ: ಕೂಸನ್ನು ಎಲ್ಲಾದರೂ ಬಿಟ್ಟು ಬರಬೇಕು. ಇದನ್ನು ಅವಳು ಊಟದ ಡಬ್ಬಿ ಮುಂದಿಟ್ಟುಕೊಂಡು ಹೇಳಿದ ದಿನ ನಾನೂ ನನ್ನ ಡಬ್ಬಿ ಮುಚ್ಚಿಟ್ಟೆ.

ಸರಿ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತೇವೆ ಎಂದು ಬೀದಿಗೆಲ್ಲ ಸಾರಿದೆವು. ಮೈಸೂರಿನಿಂದಲೇ ನಡಿಗೆ, ಹತ್ತಿ ಬಂದರೆ ಮಕ್ಕಳ ಮನೆಗೆ ನಿಮ್ಮ ಕೈಲಾದದ್ದು ಕೊಡಿ, ಹತ್ತದಿದ್ದರೆ ಬೇಡ. ಆ ಬೆಟ್ಟವನ್ನೇ ಆರಿಸಿದ್ದು ಭಕ್ತಿಯಿಂದಲ್ಲ. ಶಿವರಾತ್ರಿಯಲ್ಲಿ ಆ ದಾರಿ ತುಂಬ ಜನ ನಡೆಯುತ್ತಾರೆ, ಮೂರು ಹೆಂಗಸರು ಹೋದರೆ ಯಾರೂ ಯಾಕೆ ಏನು ಅನ್ನುವುದಿಲ್ಲ. ನನ್ನ ಗಂಡ, ಕಾಲು ಬಿದ್ದುಹೋದರೆ ಹೊತ್ತು ತರಲು ತಾನು ಬರುವುದಿಲ್ಲ ಎಂದರು. ಕರೆದವರು ಯಾರು ಅಂದೆ. ಬೀದಿಯ ಮೂಲೆಯ ದಿನಸಿ ಅಂಗಡಿ ಯಜಮಾನರು ಮಾತ್ರ ನಗಲಿಲ್ಲ. ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನುಷ್ಯರು. ಅಡ್ವಾನ್ಸಿನ ಅರ್ಧ ತಾವೇ ಕೊಡುವುದಾಗಿ ಹೇಳಿದರು. ಅವರು ಹೂಂ ಅಂದ ಮೇಲೆ ಬೀದಿಯೂ ಹೂಂ ಅಂದಿತು.

ಕೂಸನ್ನು ನರ್ಸಮ್ಮನಿಗೆ ಒಪ್ಪಿಸಿ ಹೊರಟೆವು. ನಡಿಗೆಯ ಬಗ್ಗೆ ದೊಡ್ಡ ಮಾತಾಡಲಾರೆ. ಕೊಳ್ಳೇಗಾಲ ದಾಟುವಷ್ಟರಲ್ಲಿ ನನ್ನ ಅಂಗಾಲಿನ ಬೊಬ್ಬೆ ಒಡೆದು ಚಪ್ಪಲಿಗೆ ಅಂಟುತ್ತಿತ್ತು. ಅಕ್ಕ ಬರಿಗಾಲಲ್ಲೇ ನಡೆದಳು. ದಾರಿಯುದ್ದಕ್ಕೂ ಯಾರ‍್ಯಾರೋ ಮಜ್ಜಿಗೆ ಕೊಟ್ಟರು, ಜಗಲಿ ಮೇಲೆ ಮಲಗಲು ಜಾಗ ಕೊಟ್ಟರು. ತಾಳಬೆಟ್ಟದಿಂದ ಏರು ಶುರುವಾದಾಗ ಹಿಂದೆ ಮುಂದೆ ಎಲ್ಲ ಉಘೇ ಉಘೇ ಅಂತ ಕೂಗುತ್ತಿದ್ದರೆ ನಾನು ಮಾತ್ರ ಒಂದೊಂದು ತಿರುವಿಗೂ ಬೈಯುತ್ತಿದ್ದೆ. ಕಲ್ಲಿಗೆ ಬೈದೆ, ಬಿಸಿಲಿಗೆ ಬೈದೆ, ಚಿಕ್ಕವಳನ್ನು ಬಿಟ್ಟು ಓಡಿಹೋದವನಿಗೆ ಬೈದೆ, ಅವಳ ಅಣ್ಣನಿಗೂ ಬೈದೆ. ಬೈಗುಳದ ಬಲದಲ್ಲೇ ಬೆಟ್ಟ ಹತ್ತಿದವಳು ನಾನು. ಚಿಕ್ಕವಳು ತುಟಿ ಬಿಚ್ಚದೆ ನಡೆದಳು. ಕೊನೆಯ ಏರಿನಲ್ಲಿ ಹೊಟ್ಟೆ ಹಿಡಿದುಕೊಂಡು ಎರಡು ಸಲ ನಿಂತಳು, ಹಸಿವಿರಬೇಕು ಅಂದುಕೊಂಡೆ.

ಮೇಲೆ ಬಂದು ಗೋಪುರ ಕಂಡ ಕೂಡಲೇ ಅವಳು ಮರದ ಕೆಳಗೆ ಕೂತುಬಿಟ್ಟಳು. "ಮುಟ್ಟಾಗ್ಬುಟ್ಟೆ ಕಣಕ್ಕಾ. ನೀವಿಬ್ರೂ ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆ ಅಂತ ಗೊತ್ತಿಲ್ಲ. ಒಳಗೆ ಬರಬೇಡ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ನಮ್ಮಮ್ಮಂದಿರು ಮೊದಲೇ ಹೇಳಿಟ್ಟಿದ್ದರು. ನಾನು ಅಕ್ಕನ ಮುಖ ನೋಡಿದೆ. ಆ ಬಾಗಿಲು ಕಾಣಬೇಕು ಅಂತಲೇ ಬರಿಗಾಲಲ್ಲಿ ಬಂದವಳು ಅವಳು. ಅಕ್ಕ ನಿಂತಲ್ಲೇ ಗೋಪುರಕ್ಕೆ ಕೈ ಮುಗಿದಳು. ಆಮೇಲೆ ಚಿಕ್ಕವಳ ಪಕ್ಕ ಕೂತು ಕಾಲು ಚಾಚಿದಳು.

"ಮೂರ್ ಜನ ಹೊಂಟ್ವಿ, ಮೂರ್ ಜನ ಬಂದ್ವಿ. ಒಳಗಿರೋನ್ಗೆ ಕಾಣ್ತದೆ ಬುಡು" ಎಂದಳು.

ಚಿಕ್ಕವಳು ಬಿಕ್ಕಿ ಬಿಕ್ಕಿ ಅತ್ತಳು. ಸಾಲು ಅಂಗಡಿಗಳಲ್ಲಿ ಲಾಡು ಮಾರುತ್ತಿದ್ದರು. ತೆಗೆದುಕೊಳ್ಳೋಣವೇ ಅಂತ ಕೇಳಿದೆ. ಸ್ವಾಮಿ ಮುಖ ನೋಡದೆ ಪ್ರಸಾದ ಎಂಥದ್ದು ಅಂದಳು ಅಕ್ಕ. ಸಂಜೆಯ ಬಸ್ಸು ಹಿಡಿದು ಬಂದುಬಿಟ್ಟೆವು.

ಮಾರನೆಯ ದಿನ ಕುಂಟುತ್ತಾ ಅಂಗಡಿಗೆ ಹೋದೆವು. ಯಜಮಾನರು ತಕ್ಕಡಿ ಪಕ್ಕಕ್ಕಿಟ್ಟು, ಕೈ ತೊಳೆದು ಒರೆಸಿಕೊಂಡು, ಎರಡೂ ಅಂಗೈ ಚಾಚಿದರು. ಪ್ರಸಾದಕ್ಕೆ.  ದುಡ್ಡು ಕೊಡುತ್ತೇನೆ ಅಂದವರಿಗೆ ಬೆಟ್ಟದ ಪ್ರಸಾದ ತಂದುಕೊಡಬೇಕು ಎನ್ನುವುದು ಎಳೆ ಮಗುವಿಗೂ ಗೊತ್ತಿರುವ ಮಾತು, ನಮಗೆ ಹೊಳೆದಿರಲಿಲ್ಲ. ಸುಳ್ಳು ಹೇಳಲು ಬಾರದ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಯಜಮಾನರ ಕೈ ಹಿಂದಕ್ಕೆ ಹೋಯಿತು. ಆಕೆ ಆಚೆ ಕೂತರೆ ನೀವಿಬ್ಬರು ಹೋಗಬೇಕಿತ್ತು, ಅಂಥವಳನ್ನು ಕಟ್ಟಿಕೊಂಡು ಹೊರಟಿದ್ದೇ ತಪ್ಪು ಅಂದರು. "ದೇವ್ರ ಮುಖ ನೋಡ್ದೆ ಬಂದ್ಮೇಲೆ ನೀವು ಹೋಗಿದ್ದೂ ಒಂದೇ, ಬಿಟ್ಟಿದ್ದೂ ಒಂದೇ ಕಣಮ್ಮ" ಎಂದು ತಕ್ಕಡಿ ಎತ್ತಿಕೊಂಡರು. ಅವರು ಊಹೂಂ ಅಂದ ಮೇಲೆ ಬೀದಿಯೂ ಊಹೂಂ ಅಂದಿತು.

ಚಿಕ್ಕವಳು ಮಾರ್ಕೆಟ್ಟಿನಿಂದ ಲಾಡು ತಂದು ಕೊಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಅಂದಳು. ಅಕ್ಕ ಕಿವಿ ಮುಚ್ಚಿಕೊಂಡಳು. ನನಗೂ ಬೇಡವಾಗಿತ್ತು, ಆದರೆ ನನ್ನ ಕಾರಣ ಬೇರೆ. ಕಾಲು ಒಡೆದುಕೊಂಡವರು ನಾವು, ಈಗ ಕಳ್ಳರೂ ಆಗಬೇಕೇ? ಯಾವ ತಪ್ಪಿಗೆ?

ನರ್ಸಮ್ಮ ಹೆಂಚಿನ ಮನೆ ಬಿಡಬೇಕಾದ ಬೆಳಿಗ್ಗೆ ನಾವು ಮೂವರೂ ಸಮವಸ್ತ್ರ ಹಾಕಿಕೊಂಡೇ ಅಲ್ಲಿಗೆ ಹೋದೆವು. ಮಕ್ಕಳನ್ನೆಲ್ಲ ಕರೆದುಕೊಂಡು ಸೀದಾ ಅಂಗಡಿಗೆ ನಡೆದೆವು. ವ್ಯಾಪಾರದ ಹೊತ್ತು, ಗಿರಾಕಿಗಳು ತುಂಬಿದ್ದರು. ಚಿಕ್ಕವಳ ಕಂಕುಳಿನಿಂದ ಕೂಸನ್ನು ತೆಗೆದುಕೊಂಡು ಯಜಮಾನರ ಮಡಿಲಲ್ಲಿ ಕೂರಿಸಿದೆ.

"ಪ್ರಸಾದ ಕೇಳಿದ್ರಲ್ಲ ಯಜಮಾನ್ರೇ, ತಂದಿದೀವಿ. ನಾವು ನಡ್ದಿದ್ದು ಇವಕ್ಕೋಸ್ಕರ. ಬೇಡ ಅನ್ನಂಗಿದ್ರೆ ಎಲ್ಲರ ಎದುರ‍್ಗೇ ಅಂದ್ಬುಡಿ" ಎಂದೆ.

 ಯಜಮಾನರು ಗಿರಾಕಿಗಳ ಮುಖ ನೋಡಿ, ಕೂಸು ಜಾರದಂತೆ ಹಿಡಿದುಕೊಂಡರು. ಪ್ರಸಾದ ಬೇಡ ಅಂತ ಯಾವ ಬಾಯಿಯಲ್ಲಿ ಹೇಳುತ್ತಾರೆ? ಅಷ್ಟರಲ್ಲಿ ಹೆಬ್ಬಾಳದ ಬಸ್ಸು ಬಂತು. ನರ್ಸಮ್ಮ ಉಳಿದ ಮಕ್ಕಳೊಂದಿಗೆ ಅಂಗಡಿಯ ಜಗಲಿ ಮೇಲೆ ಕೂತರು. ಇವಕ್ಕೆ ಬೇರೆ ಮನೆ ಇಲ್ಲ, ಶಿಫ್ಟು ಮುಗಿಸಿ ಬಂದು ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿ ನಾವು ಬಸ್ಸು ಹತ್ತಿದೆವು.

ಅವತ್ತು ಕೆಲಸದಲ್ಲಿ ಮನಸ್ಸಿಲ್ಲದೆ ನಾನು ಎಷ್ಟು ತಂತಿ ಕಡಿದೆನೋ ದೇವರಿಗೇ ಗೊತ್ತು. ಮಧ್ಯಾಹ್ನ ವಾಪಸ್ಸು ಬಂದಾಗ ಅಂಗಡಿಯಲ್ಲಿ ಹುರುಳಿ ಚೆಲ್ಲಾಡಿತ್ತು, ಬೆಲ್ಲದ ಪಿಂಡಿಗೆ ಪುಟ್ಟ ಹಲ್ಲಿನ ಗುರುತು ಬಿದ್ದಿತ್ತು. ಯಜಮಾನರ ಹೆಂಡತಿ ಮಕ್ಕಳಿಗೆ ಮೊಸರನ್ನ ತಿನ್ನಿಸಿ ಅಕ್ಕಿ ಮೂಟೆಗಳ ಮಧ್ಯೆ ಮಲಗಿಸಿದ್ದರು. ಅವರು ಗಂಡನಿಗೆ ಏನೋ ಅಂದಿದ್ದರು ಎನ್ನುವುದು ಆತನ ಮುಖ ನೋಡಿದರೇ ತಿಳಿಯುತ್ತಿತ್ತು. ಬೀದಿಯ ಹೆಂಗಸರೂ ಅಲ್ಲೇ ನಿಂತಿದ್ದರು, ಒಬ್ಬಿಬ್ಬರ ಸೆರಗಿನಲ್ಲಿ ದುಡ್ಡು ಕಟ್ಟಿದ ಗಂಟು ಬಿಚ್ಚಿತ್ತು.

ಯಜಮಾನರು ಗಲ್ಲಾಪೆಟ್ಟಿಗೆಯಿಂದ ದುಡ್ಡು ತೆಗೆದು ಅಕ್ಕನ ಕಡೆ ಚಾಚಿದರು. ಅಕ್ಕ ಕೈ ಮುಂದೆ ಮಾಡದೆ ಚಿಕ್ಕವಳ ಕಡೆ ನೋಡಿದಳು. ನನ್ನ ಕಡೆ ಚಾಚಿದರು, ನಾನೂ ಕೈ ಕಟ್ಟಿಕೊಂಡೆ. ಆಗ ಬೆಟ್ಟದುದ್ದಕ್ಕೂ ತುಟಿ ಬಿಚ್ಚದಿದ್ದ ಚಿಕ್ಕವಳು, ನಿದ್ದೆ ಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದಳು.

"ನಾನೂ ನಡ್ದಿದೀನಿ. ನನ್ ಕೈಗೆ ಕೊಡಿ" ಎಂದಳು.

ಅವರು ಒಂದು ಕ್ಷಣ ಅವಳ ಅಂಗೈಯನ್ನೇ ನೋಡಿದರು. ಆಮೇಲೆ ದುಡ್ಡನ್ನು ಅದರ ಮೇಲೆ ಇಟ್ಟರು.