ಹೆಳವರಿಗೆ ಮಗಳ ಹೆಸರು ಬರೆಸಿದವರು

ಗೆಳೆಯರೇ, ಇದನ್ನು ಎಂದಿನಂತೆ ಜಗಲಿಯಲ್ಲಿ ಕೂತು ಬರೆಯುತ್ತಿಲ್ಲ.

ಬೆಳಿಗ್ಗೆ ತುರುವನೂರಿನ ನಮ್ಮ ಮನೆಗೆ ವಂಶಾವಳಿ ಓದುವ ಹೆಳವರು ಬಂದಿದ್ದರು. ಮುತ್ತಜ್ಜನ ಬಗ್ಗೆ ಕೇಳಿದೆ. ಪುಸ್ತಕ ಬಿಚ್ಚಿ ಓದಿದರು: "ಸಣ್ಣೀರಪ್ಪ, ಕರಡಿ ಕಚ್ಚಿ ಎಡಗಿವಿ ಹರಿದಾತ." ಆಮೇಲೆ ಅವರ ಮಕ್ಕಳು, ಮೊಮ್ಮಕ್ಕಳು, ನಾನು. ಕೊನೆಗೆ ಎರಡು ವರ್ಷದ ನನ್ನ ಮಗಳ ಹೆಸರೂ ಬಂತು.

"ಮಗಳ ಹೆಸರು ಯಾರು ಬರೆಸಿದ್ರು?" ಎಂದೆ.

"ಹೋದ್ ವರ್ಷ ಬಂದಾಗ ಮನೆಗೆ ಬೀಗ ಹಾಕಿತ್ತು ಸ್ವಾಮಿ. ಜಗಲಿ ಮೇಲೆ ಕುಂತಿದ್ದ ಅಜ್ಜಾರು ಬರೆಸಿದ್ರು."

"ನಮ್ಮನೇಲಿ ಅಜ್ಜ ಯಾರೂ ಇಲ್ಲಲ್ರಿ!"

"ಅದೇ, ಎಡಗಿವಿ ಹರಿದಿತ್ತಲ್ಲ..." ಎಂದವರು ತಾವೇ ಓದಿದ ಪುಟವನ್ನು ತಿರುಗಿ ನೋಡಿದರು. ಪುಸ್ತಕ ಕಟ್ಟಿಕೊಂಡು, ಅಮ್ಮ ಮೊರದಲ್ಲಿ ತಂದ ಜೋಳವನ್ನೂ ಮುಟ್ಟದೆ ಹೊರಟೇಬಿಟ್ಟರು.

ಪಕ್ಕದ ಬೀದಿಯಲ್ಲೇ ಇರುವ ಸ್ವಂತ ಚಿಕ್ಕಪ್ಪ ನನ್ನ ಮಗಳ ಹೆಸರೇನೆಂದು ಇವತ್ತಿಗೂ ಕೇಳಿಲ್ಲ. ಸತ್ತುಹೋದ ಮುತ್ತಜ್ಜ ಮರೆಯದೆ ಬರೆಸಿದ್ದಾರೆ.