ಪ್ರೋಗ್ರಾಮಿಗೊಂದು ಬುತ್ತಿ

ಶ್ರಾವಣದ ಕೊನೆಯ ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ: ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಮನೆಯ ಅಡುಗೆಮನೆಯ ಬಾಗಿಲು. ಹಾಜರಿದ್ದವರು: ನಾನು, ನನ್ನ ಹೆಂಡತಿ ಗೌರಮ್ಮ, ಮತ್ತು ಮೊದಲ ಬಸ್ಸಿಗೆ ಕುರುಗೋಡಿನಿಂದ ಬಂದಿಳಿದಿದ್ದ ನನ್ನ ಹಳೆಯ ಶಿಷ್ಯೆ ಶರಣಮ್ಮ. ಸೇವಾವಧಿಯುದ್ದಕ್ಕೂ ಸಿರುಗುಪ್ಪದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿ ಸೀಟಿ ಊದಿ, ಸಾಲು ನಿಲ್ಲಿಸಿ, ಹಾಜರಿ ಕೂಗಿದವನಿಗೆ ನಿವೃತ್ತಿಯ ನಂತರವೂ ಹಾಜರಿ ಹಾಕದೆ ಮಾತು ಆರಂಭವಾಗುವುದಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ಗೌರಮ್ಮ ಶರಣಮ್ಮನಿಗೆ ಬುತ್ತಿ ಕಟ್ಟುತ್ತಿದ್ದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಎಲ್ಲ ಮುಗಿದ ಮೇಲೆ ಒಂದು ಚಿಟಿಕೆ ಉಪ್ಪನ್ನು ಕಾಗದದ ತುಂಡಿನಲ್ಲಿ ಸುತ್ತಿ ಮೂಲೆಗೆ ತುರುಕಿದಳು. ಕುರುಗೋಡೇನು ಹಿಮಾಲಯವೇ, ಅಲ್ಲಿ ಉಪ್ಪು ಸಿಗದೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಗಟ್ಟಿಯಾಗಿ ನಗುವ ಧೈರ್ಯ ಈ ಮನೆಯಲ್ಲಿ ನನಗಿನ್ನೂ ಬಂದಿಲ್ಲ.

ಅಂದು ನಾನು ಕಟ್ಟಬೇಕಿದ್ದದ್ದೂ ಒಂದು ಬುತ್ತಿಯನ್ನೇ. ಶರಣಮ್ಮ ಈಗ ಕುರುಗೋಡಿನಲ್ಲಿ ದೈಹಿಕ ಶಿಕ್ಷಕಿ. ಮಧ್ಯಾಹ್ನ ಅಲ್ಲಿ ಶಾಲೆಗಳ ಖೋಖೋ ಪಂದ್ಯಾವಳಿಯ ಡ್ರಾ, ಅಂದರೆ ಯಾರು ಯಾರ ಮೇಲೆ ಆಡಬೇಕೆಂಬ ನಿರ್ಣಯ. ತಂಡಗಳ ಸಂಖ್ಯೆ ಬೆಸವಾದರೆ ಒಂದು ತಂಡಕ್ಕೆ ಎದುರಾಳಿಯೇ ಇರದೆ, ಆಡದೆಯೇ ಮುಂದಿನ ಸುತ್ತು ಸಿಗುತ್ತದೆ. ಅದಕ್ಕೆ ‘ಬೈ’ ಎನ್ನುತ್ತಾರೆ. ಹಿಂದಿನ ವರ್ಷ ಸಂಘಟಕಿಯಾಗಿ ಶರಣಮ್ಮನೇ ಚೆಂಬಿನಲ್ಲಿ ಚೀಟಿ ಹಾಕಿ ಎತ್ತಿದಾಗ ಬೈ ಅವಳ ಶಾಲೆಗೇ ಬಂದಿತ್ತು. ಪಕ್ಕದ ಊರಿನ ಶಿಕ್ಷಕ ಸಿದ್ದಪ್ಪನವರು ಎಲ್ಲರೆದುರು, “ಚೀಟಿ ಮಡಚೋದ್ರಾಗೇ ಐತಿ ಎಲ್ಲಾ ಕಸರತ್ತು” ಎಂದಿದ್ದರಂತೆ.

ಡ್ರಾ ಮಾಡುವ ಪುಟ್ಟ ಸ್ಕ್ರಿಪ್ಟೊಂದನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿಯನ್ನು, ನಾನು ಬರೆದಿದ್ದೆ. ಯೋಗಾಸನ ಮುಗಿದ ಮೇಲೆ ಒಂದು ತಾಸು ಕಂಪ್ಯೂಟರು ಎಂಬುದು ನನ್ನ ನಿವೃತ್ತಿಯ ವೇಳಾಪಟ್ಟಿ. ಆ ಸ್ಕ್ರಿಪ್ಟು ಬೇಕೆಂದು ಬಂದ ಶರಣಮ್ಮನಿಗೆ, ನಾನೇ ಬಂದು ನಡೆಸಿಕೊಡುತ್ತೇನೆ ಎಂದು ಹೇಳಿ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದೆ.

“ಬ್ಯಾಡ್ರಿ ಸರ, ನೀವು ಬರಬ್ಯಾಡ್ರಿ” ಎಂದಳು. “ನೀವು ಬಂದ್ರ ಗುರು-ಶಿಷ್ಯೆ ಕೂಡಿ ಆಟ ಹೂಡ್ಯಾರ ಅಂತಾರ. ಸಿದ್ದಪ್ಪ ಸರನ ಕಡಿಂದನ ಬಟನ್ ಒತ್ತಿಸ್ತೀನಿ. ಈ ಸಲಾನೂ ಮಾತು ಬಂದ್ರ ಸಂಘಟನಿ ಕೆಲಸ ಬಿಟ್ಟಬಿಡ್ತೀನ್ರಿ.”

ನಾನು ಗುಂಡಿ ಬಿಚ್ಚಿದೆ. ನನ್ನ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟು ಓಡುತ್ತಿದ್ದದ್ದು ಅದನ್ನು ಓದಿ ಅರ್ಥ ಹೇಳುವ ಸಾಫ್ಟ್‌ವೇರ್ ಅಲ್ಲಿ ಮೊದಲೇ ಇದ್ದುದರಿಂದ. ಶರಣಮ್ಮ ಹೊತ್ತು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಆದ್ದರಿಂದ ಆ ಸಾಫ್ಟ್‌ವೇರನ್ನೂ ಅದರ ಪರಿವಾರವನ್ನೂ ಸ್ಕ್ರಿಪ್ಟಿನೊಂದಿಗೆ ಒಂದೇ ಗಂಟಾಗಿ ಕಟ್ಟಿ, ಎಲ್ಲಿಟ್ಟರೂ ತಾನಾಗಿಯೇ ಓಡುವ ಇಎಕ್ಸ್‌ಇ ಫೈಲು ಮಾಡಬೇಕು. ಮಾಡಿದೆ. ಎರಡು ಪುಟದ ಬರಹ ಉಬ್ಬಿ ಸಿನಿಮಾ ಹಾಡಿನ ವಿಡಿಯೊದಷ್ಟು ದಪ್ಪವಾಯಿತು. ಒಂದು ರೊಟ್ಟಿಯ ಜೊತೆಗೆ ಒಲೆಯನ್ನೂ ಕಿತ್ತು ಕಟ್ಟಿಕೊಟ್ಟ ಹಾಗೆ. ಶರಣಮ್ಮನ ಲ್ಯಾಪ್‌ಟಾಪು ಅದನ್ನು ಕಂಡದ್ದೇ ‘ಅಪರಿಚಿತ, ಅಪಾಯಕಾರಿಯಾಗಿರಬಹುದು’ ಎಂದು ತಡೆದು ನಿಲ್ಲಿಸಿತು. ನಿವೃತ್ತಿಯ ದಿನದವರೆಗೆ ಒಂದೇ ಒಂದು ನೋಟಿಸು ಪಡೆಯದ ನನ್ನನ್ನು ಯಂತ್ರವೊಂದು ಹೀಗೆ ಶಂಕಿಸಿತು. ಅನುಮತಿ ಕೊಟ್ಟು ಮುಂದುವರಿದೆವು.

“ಅವಳ ಸಾಲಿ ಹುಡುಗ್ಯಾರಿಗೆ ಬೈ ಬರದಂಗ ಬರದುಬಿಡ್ರಲ್ಲ, ಜಗಳಾನ ಇರಂಗಿಲ್ಲ” ಎಂದಳು ಗೌರಮ್ಮ.

ಕ್ಷಣಕಾಲ ಆಸೆಯಾಯಿತು, ಸುಳ್ಳು ಹೇಳಲಾರೆ. ಆದರೆ ಒಬ್ಬರಿಗೆ ಬರಲೇಬಾರದು ಎಂದು ಬರೆಯುವುದೂ ಒಬ್ಬರಿಗೇ ಬರಲಿ ಎಂದು ಬರೆಯುವುದೂ ಒಂದೇ ಜಾತಿಯ ಮೋಸ. ನಾನು ಹೇಳುವ ಮೊದಲೇ ಶರಣಮ್ಮ, “ಬ್ಯಾಡ್ರಿ ಅಮ್ಮಾರ, ನಮ್ಮ ಹುಡುಗ್ಯಾರಿಗೂ ಎಲ್ಲಾರ ಹಂಗ ಪಾಲು ಇರಲಿ” ಎಂದಳು.

“ಹಂಗಾರ ಈಗ ಒಮ್ಮಿ ಓಡಿಸಿ ನೋಡವಾ. ನೀವು ಹೊರಗ ನಡೀರಿ” ಎಂದು ಗೌರಮ್ಮ ನನ್ನನ್ನು ಅಂಗಳಕ್ಕೆ ಅಟ್ಟಿದಳು. “ಕುರುಗೋಡಿನಾಗ ನೀವು ಇರ್ತೀರೇನು?”

ಅಂಗಳದ ಕಲ್ಲಿನ ಮೇಲೆ ಕುಳಿತೆ. ಎದುರಾಳಿ ಬೆನ್ನಟ್ಟುವಾಗ ‘ಎಡಕ್ಕ ಹೊಳ್ಳು’ ಎಂದು ಇದೇ ಶರಣಮ್ಮನಿಗೆ ಸಿರುಗುಪ್ಪದ ಮೈದಾನದಲ್ಲಿ ಕೂಗಿದ ಬಾಯಿ ಈಗ ಸುಮ್ಮನಿರಬೇಕಿತ್ತು. ಒಳಗಿಂದ ಧ್ವನಿ ಬಂತು: “ಸರ, ಪರದಿ ಮ್ಯಾಲೆ ಕರೇ ಕಿಟಕಿ ತೆರೀತು, ಹಂಗ ಮಾಯ ಆತ್ರಿ!”

ಎದ್ದೆ. “ಕುಂದರ್ರಿ” ಎಂದಳು ಗೌರಮ್ಮ. “ಅಲ್ಲಿಂದನ ಹೇಳ್ರಿ.”

ತಂಡಗಳೆಷ್ಟು ಎಂದು ಕುಳಿತಲ್ಲಿಂದಲೇ ಕೇಳಿದೆ. ಬೆಸ ಸಂಖ್ಯೆ. ಆಗ ಹೊಳೆಯಿತು. ಮನೆಯಲ್ಲಿ ಪ್ರತಿ ಸಲ ಓಡಿಸುವ ಮುನ್ನ ನಾನು ತಂಡಗಳ ಪಟ್ಟಿಯನ್ನು ಕಣ್ಣಾಡಿಸಿ, ಬೆಸವಾಗಿದ್ದರೆ ಕೊನೆಯಲ್ಲಿ ‘ಬೈ’ ಎಂಬ ಸಾಲನ್ನು ಕೈಯಾರೆ ಸೇರಿಸುತ್ತಿದ್ದೆ. ಹಲ್ಲುಜ್ಜುವಷ್ಟೇ ಸಹಜವಾಗಿ, ಸೇರಿಸುತ್ತಿದ್ದೇನೆಂಬ ಅರಿವೇ ಇಲ್ಲದೆ. ಆ ಸಾಲಿಲ್ಲದಿದ್ದರೆ ಕೊನೆಯ ತಂಡಕ್ಕೆ ಜೋಡಿ ಸಿಗದೆ ಪ್ರೋಗ್ರಾಮು ಅಲ್ಲೇ ಮುಗ್ಗರಿಸುತ್ತದೆ. ಒಲೆಯನ್ನೇ ಕಟ್ಟಿದವನು ಕಟ್ಟಲು ಮರೆತದ್ದು ನನ್ನ ಕೈಯನ್ನು. ಶಿಸ್ತು ನನ್ನ ಮೈಗೆ ಎಷ್ಟು ಹಿಡಿದಿತ್ತೆಂದರೆ, ಪ್ರೋಗ್ರಾಮಿಗೂ ಅದನ್ನು ಕಲಿಸಬೇಕೆಂಬುದೇ ತಲೆಗೆ ಬಂದಿರಲಿಲ್ಲ. ಯಾವುದೇ ವಸ್ತು ಸ್ವತಂತ್ರವಾಗುವುದು ಅದನ್ನು ಮಾಡಿದವನು ಪಕ್ಕದಿಂದ ಎದ್ದು ಹೋದಾಗ, ಬಹುಶಃ ಶಿಷ್ಯರೂ.

ಒಳಗೆ ಹೋಗಿ, ಆ ಸಾಲನ್ನು ಪ್ರೋಗ್ರಾಮೇ ಸೇರಿಸಿಕೊಳ್ಳುವಂತೆ ತಿದ್ದಿ ಮತ್ತೆ ಕಟ್ಟಿದೆ. ಮತ್ತೆ ಅಂಗಳಕ್ಕೆ ಹೋದೆ. ಈ ಸಲ ಕಿಟಕಿ ನಿಂತಿತು, ಜೋಡಿಗಳು ಬಂದವು. ಎರಡು ಬುತ್ತಿಗಳನ್ನೂ ಹಿಡಿದು ಶರಣಮ್ಮ ಬಸ್ಸಿಗೆ ಓಡಿದಳು.

ಸಂಜೆ ಫೋನು ಬಂತು. “ಸರ, ಬೈ ನಮ್ಮ ಸಾಲಿಗೇ ಬಂತ್ರಿ!”

“ಸಿದ್ದಪ್ಪನವರು ಏನಂದರು?” ಎಂದೆ.

“ಒತ್ತಿದವ್ರು ಸಿದ್ದಪ್ಪ ಸರ. ಇನ್ನೊಮ್ಮಿ ಒತ್ತತೀನಿ ಅಂದ್ರು. ಅದಕ್ಕ ಅವರ ಮಂದೀನ, ‘ಯಾಕ್ರಿ ಸರ, ನಿಮ್ಮ ಕೈಬಟ್ಟಿನ ಮ್ಯಾಲೆ ನಿಮಗ ನಂಬಿಕಿ ಇಲ್ಲೇನು?’ ಅಂತ ಬಿದ್ದು ಬಿದ್ದು ನಕ್ರು. ಕಡೀಗೆ ಅವರೂ ನಕ್ಕು, ಮುಂದಿನ ವರ್ಷಾನೂ ನೀವ ನಡಸ್ರಿ ಮೇಡಂ ಅಂದ್ರು.”

ಪ್ರೋಗ್ರಾಮು ಬರೆದವರಾರೆಂದು ಯಾರಾದರೂ ಕೇಳಿದರೇ ಎಂದು ತಿಳಿಯುವ ಚಪಲ ನನಗೆ. “ಇಲ್ರಿ ಸರ, ಒಬ್ಬರೂ ಕೇಳಲಿಲ್ಲ” ಎಂದಳು ಖುಷಿಯಿಂದ. ತುಸು ಚುಚ್ಚಿದರೂ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆಯಿಲ್ಲವೆಂದು ಒಪ್ಪಿಕೊಂಡೆ.

“ಉಪ್ಪು ಬೇಕಾತೇನು ಕೇಳ್ರಿ” ಎಂದಳು ಗೌರಮ್ಮ ಪಕ್ಕದಿಂದ.

“ಸಿದ್ದಪ್ಪ ಸರನ ಮಜ್ಜಿಗಿಗೆ ಉಪ್ಪು ಇರಲಿಲ್ರಿ. ಅವರಿಗೆ ಕೊಟ್ಟೆ.”

ಮರುದಿನ ಸಿರುಗುಪ್ಪದ ಹಳೆಯ ಶಾಲೆಯ ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಲು ನಾನು ಹೋಗುವುದಿತ್ತು. ಚೀಲವನ್ನು ಮುನ್ನಾದಿನವೇ ಸಿದ್ಧಪಡಿಸುವುದು ನನ್ನ ನಿಯಮ: ಟವೆಲು, ಅಳತೆಯ ಟೇಪು, ಸೀಟಿ. ಎಲ್ಲ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಸುತ್ತಿ ಮೂಲೆಗೆ ತುರುಕಿದೆ. ಅಲ್ಲಿಗೆ ಅಂದಿನ ಕೆಲಸ ಮುಗಿಯಿತು.